ಪದಚರ್ಚೆ: ನಡುಗಡ್ಡೆ ಕತೆಗಳ ‘ಸರ್ವೈವಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪದ ಇವತ್ತು ಸಂಜೆಯೊಳಗೆ ಬೇಕು. ಸಾಗರದ ಹತ್ತಿರ ನಮ್ಮೂರ ಲೈಬ್ರರಿಯಲ್ಲಿ ಮಕ್ಕಳಿಗೆ ಅಂತ ಒಂದು ಕಪಾಟು ಜೋಡಿಸುತ್ತಿದ್ದೇವೆ. ಹಡಗು ಒಡೆದು ಒಬ್ಬಂಟಿಯಾಗಿ ದ್ವೀಪ ಸೇರಿದವರ ಕತೆಗಳು. ಬೋರ್ಡ್ ಬರೆಯುವವರು ಆರು ಗಂಟೆಗೆ ಬರುತ್ತಾರೆ. ‘ಸರ್ವೈವಲ್ ಕತೆಗಳು’ ಅಂತ ಬರೆಸಲು ಮನಸ್ಸಿಲ್ಲ. ‘ಬದುಕುಳಿಯುವಿಕೆ’ ಬೋರ್ಡಿಗೆ ಉದ್ದ. ‘ಉಳಿವು’ ಸಾಕಾ? ‘ಬಚಾವಾದವರು’ ಅಂದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಬೋರ್ಡಿನ ಮೇಲೆ ಹಾಕಬಹುದಾ?

ಉತ್ತರ 1:
ಬಚಾವ್ ಬೇಡ, ಹಿಂದಿಯದು. ‘ಉಳಿವು’ ಅಚ್ಚಗನ್ನಡ, ಮೂರೇ ಅಕ್ಷರ. ‘ದ್ವೀಪ’ವನ್ನೂ ಬಿಡಿ, ‘ನಡುಗಡ್ಡೆ’ ಇದೆ. ಚರ್ಚೆಗೆ ಏನೂ ಇಲ್ಲ.

ಉತ್ತರ 2:
ಚರ್ಚೆಗೆ ಬೇಕಾದಷ್ಟಿದೆ. ‘ಉಳಿ’ ಅಂದರೆ ಮೊದಲಿಗೆ ಮಿಕ್ಕುವುದು. ರಾತ್ರಿಯ ಅನ್ನ ಉಳಿಯುತ್ತದೆ, ಸಾಲ ಉಳಿಯುತ್ತದೆ. ಉಳಿಯಲು ಅವೇನೂ ಮಾಡಬೇಕಿಲ್ಲ. 1719ರಲ್ಲಿ ಡೇನಿಯಲ್ ಡೆಫೊ ಬರೆದ ಕಾದಂಬರಿಯ ನಾಯಕ ರಾಬಿನ್ಸನ್ ಕ್ರೂಸೊ ಹಾಗೆ ಸುಮ್ನೆ ಮಿಕ್ಕವನಲ್ಲ. ಒಡೆದ ಹಡಗಿಗೆ ಮತ್ತೆ ಮತ್ತೆ ಹೋಗಿ ಬಡಗಿಯ ಹತಾರ, ಬಂದೂಕು, ಹಾಯಿಬಟ್ಟೆ ಹೊತ್ತು ತಂದ. ಕೊಡವಿದ ಚೀಲದ ಕಾಳು ಮೊಳೆತಾಗ ತೆನೆ ಎತ್ತಿಟ್ಟು ಬಾರ್ಲಿ ಬಿತ್ತಿದ. ಆಡು ಸಾಕಿದ, ಮಡಕೆ ಸುಟ್ಟ. ಹೀಗೆ 28 ವರ್ಷ.

ನಮ್ಮ ಕಡೆ ಇದಕ್ಕೆ ‘ಬದುಕು’ ಅನ್ನುತ್ತೇವೆ, ಅಲ್ವಾ? ‘ಕೆಲಸ-ಬದುಕು ಎಲ್ಲಾ ಆಯ್ತಾ?’ ಅಂತ ಅಜ್ಜಿ ಕೇಳಿದರೆ ಅದು ಗದ್ದೆ-ತೋಟದ ವಿಚಾರ. ‘ಬದುಕು ಮಾಡಿಟ್ಟ’ ಅಂದರೆ ಆಸ್ತಿ ಮಾಡಿದ. ಜೀವ, ದುಡಿಮೆ, ಗಳಿಕೆ ಮೂರೂ ಆ ಒಂದು ಪದದಲ್ಲಿವೆ.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಗುಡ್ಡದ ನೆತ್ತಿಗಳು ಹಿನ್ನೀರಿನಲ್ಲಿ ನಡುಗಡ್ಡೆಯಾದವು. ಮುಳುಗಡೆಯಾದ ನಮ್ಮ ಹಳೇ ಮನೆಯ ಬಾಗಿಲು, ಕಂಬಗಳನ್ನು ಅಜ್ಜ ಬಿಚ್ಚಿ ಹೊತ್ತು ತಂದರು. ಯಾವ ತುಂಡು ಎಲ್ಲಿಗೆ ಅಂತ ಗುರುತಿಗೆ ಉಳಿಯಿಂದ ಕೆತ್ತಿದ ಗೀಟುಗಳು ಚೌಕಟ್ಟಿನ ಒಳಮೈಯಲ್ಲಿ ಈಗಲೂ ಇವೆ. ಎಡಗಡೆ ಮೂರು, ಬಲಗಡೆ ನಾಲ್ಕು. ಅಜ್ಜ ‘ಉಳಿದುಕೊಂಡೆವು’ ಅಂದದ್ದು ನಾನು ಕೇಳಿಲ್ಲ. ‘ಬದುಕು ಕಟ್ಟಿಕೊಂಡೆವು’ ಅನ್ನುತ್ತಿದ್ದರು.

ಬಚಾವ್ ವಿಷಯಕ್ಕೆ ಬರೋಣ. ಹಿಂದಿಯದು ಅಂತ ತಳ್ಳುವವರು ಜಮೀನು, ರಸ್ತೆ ಅನ್ನದೆ ಒಂದು ದಿನ ಮಾತಾಡುತ್ತಾರಾ? ಬೋರ್ಡಿಗೆ ಅದು ಬೇಡ ಅನ್ನಲು ನನ್ನ ಕಾರಣವೇ ಬೇರೆ. ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್, ಹಡಗು ಸೋರುತ್ತಿದೆ ಅಂತ ಜಗಳವಾಡಿ 1704ರಲ್ಲಿ ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ ತಾನಾಗಿ ಇಳಿದ. ಬೇರೆ ಹಡಗಿನವರು ಕರೆದೊಯ್ದದ್ದು 1709ರಲ್ಲಿ. ಅವನು ಬಚಾವಾದದ್ದು ಆ ಒಂದು ದಿನ. ಅದಕ್ಕೂ ಮೊದಲಿನ ನಾಲ್ಕು ವರ್ಷಕ್ಕಿಂತ ಜಾಸ್ತಿ ಕಾಲ ಆಡು ಅಟ್ಟಿ ಹಿಡಿದು, ಅದರ ತೊಗಲನ್ನೇ ಹೊಲಿದು ಉಟ್ಟ. ಮಕ್ಕಳು ಓದುವುದು ಆ ವರ್ಷಗಳ ಕತೆ.

‘ನಡುಗಡ್ಡೆಯ ಬದುಕು’ ಅಂತ ಬರೆಸಿ. ಸಮುದ್ರಕ್ಕೆ ‘ದ್ವೀಪ’ವೇ ವಾಸಿ ಅನಿಸಿದರೆ ಹಾಗೇ ಹಾಕಿ. ಅದು ಕನ್ನಡವಲ್ಲ ಅನ್ನುವವರ ಮಾತು ಕೇಳಬೇಡಿ.

ಉತ್ತರ 3 (ಮೊದಲು ಉತ್ತರಿಸಿದವನೇ):
‘ಬದುಕು’ ಒಪ್ಪಿದೆ. ಉಳಿದದ್ದು ಒಪ್ಪುವುದಿಲ್ಲ. ಜಮೀನಿಗೆ ನೆಲ ಇದೆ, ರಸ್ತೆಗೆ ದಾರಿ ಇದೆ. ಬಚಾವಾಗುವುದಕ್ಕೆ ತಪ್ಪಿಸಿಕೊಳ್ಳುವುದು ಇದೆ.

ಉತ್ತರ 4:
ಬೋರ್ಡಿನವರು ಬಂದರು. ‘ನಡುಗಡ್ಡೆಯ ಬದುಕು’ ಅಂತ ಬರೆಸುತ್ತಿದ್ದೇನೆ, ಹಳದಿ ಮೇಲೆ ಕೆಂಪು. ಇಬ್ಬರಿಗೂ ಧನ್ಯವಾದ.