ಹೆಸರು ಮರೆತ ಗೇಮ್: ನೀವು ಹೇಗೆ ಹುಡುಕಿದಿರಿ?

ಪ್ರಶ್ನೆ:

1990ರ ದಶಕದ ನಡುವೆ, ನಾನು ಪ್ರೈಮರಿಯಲ್ಲಿದ್ದಾಗ, ಕಂಪ್ಯೂಟರ್ ಪೀರಿಯಡ್‌ನಲ್ಲಿ ಒಂದು ಗಣಿತದ ಗೇಮ್ ಆಡುತ್ತಿದ್ದೆ. ಹೆಸರು ಪೂರ್ತಿ ಮರೆತುಹೋಗಿದೆ. ಒಂದು ಹಸಿರು ಪ್ರಾಣಿ ಅಂಕಿಗಳನ್ನು ಗಬಗಬ ತಿನ್ನುತ್ತಿತ್ತು. ಬಲೆ ಬೀಸಿ ಕುಳ್ಳರನ್ನು ಹಿಡಿಯುತ್ತಾ ಬೆಟ್ಟ ಹತ್ತಬೇಕಿತ್ತು. ತುದಿಯಲ್ಲಿ ಕೋಟೆ. "ಹಳೇ ಗಣಿತದ ಗೇಮ್" ಅಂತ ಹುಡುಕಿದರೆ ಈಗಿನ ಮೊಬೈಲ್ ಆ್ಯಪ್‌ಗಳೇ ಸಾಲುಗಟ್ಟಿ ಬರುತ್ತವೆ. ಎರಡು ವರ್ಷದಿಂದ ಆಗಾಗ ಹುಡುಕಿ ಸೋತಿದ್ದೇನೆ. ಹೀಗೆ ಮರೆತ ಗೇಮನ್ನು ನಿಮ್ಮಲ್ಲಿ ಯಾರಾದರೂ ಪತ್ತೆ ಮಾಡಿದ್ದೀರಾ? ಹೇಗೆ ಮಾಡಿದಿರಿ ಹೇಳಿ.

* * *

ಮೊದಲು ವಯಸ್ಸು ಗೊತ್ತುಮಾಡಿಕೊಳ್ಳಿ ಮೇಡಂ. ನಿಮ್ಮದಲ್ಲ, ಗೇಮಿನದು.

ಕಳ್ಳರನ್ನು ದೇಶದಿಂದ ದೇಶಕ್ಕೆ ಅಟ್ಟಿಸಿಕೊಂಡು ಹೋಗುವ ಗೇಮ್ ಅಂತ ಮಾತ್ರ ನನಗೆ ನೆನಪಿತ್ತು. ಪರದೆಯೆಲ್ಲ ಗುಲಾಬಿ, ತಿಳಿನೀಲಿ. ಆಡಿದ್ದು 1995ರಲ್ಲಿ. ಹಾಗಾಗಿ 1993ರಿಂದ 1995ರವರೆಗಿನ ಪಟ್ಟಿಗಳನ್ನೇ ಜಾಲಾಡಿದೆ. ಸಿಗಲಿಲ್ಲ. ಆ ವಿಚಿತ್ರ ಬಣ್ಣಗಳೇ ಸುಳಿವು ಅಂತ ಆಮೇಲೆ ಹೊಳೆಯಿತು. 1981ರಲ್ಲಿ ಬಂದ ಸಿಜಿಎ ಕಾರ್ಡ್‌ನಲ್ಲಿ (ಪರದೆಗೆ ಬಣ್ಣ ಕೊಡುವ ಕಾರ್ಡ್) ಗೇಮ್‌ಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಒಂದು ಸಲಕ್ಕೆ ನಾಲ್ಕೇ ಬಣ್ಣ. ಕಪ್ಪು, ಬಿಳಿ, ಗುಲಾಬಿ, ತಿಳಿನೀಲಿಯ ಜೋಡಣೆ ಅದರದ್ದೇ. ಅದರ ನಂತರದ ಕಾರ್ಡ್‌ಗಳಲ್ಲಿ, 1984ರ ಇಜಿಎಯಲ್ಲಿ 16 ಬಣ್ಣ, 1987ರ ವಿಜಿಎಯಲ್ಲಿ 256. ಸದ್ದೂ ಹಾಗೆಯೇ. ಬರೀ ಕೀಂ ಕೀಂ ಅಂದರೆ ಕಂಪ್ಯೂಟರಿನ ಒಳಗಿನ ಪುಟ್ಟ ಸ್ಪೀಕರ್. ನಿಜವಾದ ಸಂಗೀತ ಕೇಳಿದ ನೆನಪಿದ್ದರೆ ಸೌಂಡ್ ಕಾರ್ಡ್ ಇತ್ತು ಅಂತ. ಸೌಂಡ್ ಬ್ಲಾಸ್ಟರ್ ಅನ್ನುವ ಅಂಥ ಕಾರ್ಡ್ ಬಂದಿದ್ದು 1989ರಲ್ಲಿ. ಪಾತ್ರಗಳು ಉದ್ದುದ್ದ ಮಾತಾಡುತ್ತಿದ್ದವು ಅಂದರೆ ಬಹುಶಃ ಸಿಡಿ ಕಾಲದ್ದು.

ಕೊನೆಗೆ ಸಿಕ್ಕಿದ್ದು "ವೇರ್ ಇನ್ ದ ವರ್ಲ್ಡ್ ಈಸ್ ಕಾರ್ಮೆನ್ ಸ್ಯಾನ್‌ಡಿಯೇಗೊ", 1985ರದ್ದು. ನಾನು ಹುಡುಕುತ್ತಿದ್ದ ಕಾಲಕ್ಕಿಂತ ಹತ್ತು ವರ್ಷ ಹಳೆಯದು! ಶಾಲೆಗಳಲ್ಲಿ ಹಳೇ ಮಷೀನು, ಹಳೇ ಫ್ಲಾಪಿ ಕೆಟ್ಟುಹೋಗುವ ತನಕ ಓಡುತ್ತಿರುತ್ತವೆ, ಅಲ್ವಾ? ಆಡಿದ ವರ್ಷವನ್ನು ನಂಬಬೇಡಿ. (ಆ ಗೇಮಿನ ಡಬ್ಬಿಯಲ್ಲಿ "ವರ್ಲ್ಡ್ ಆಲ್ಮನಾಕ್" ಅಂತ ಒಂದು ದಪ್ಪ ಪುಸ್ತಕ ಇರುತ್ತಿತ್ತಂತೆ, ಸುಳಿವುಗಳನ್ನು ಅದರಲ್ಲಿ ನೋಡಿಕೊಳ್ಳಲಿ ಅಂತ. ನಮಗೆ ಆ ಪುಸ್ತಕ ಯಾರೂ ತೋರಿಸಿರಲಿಲ್ಲ. ಬಾವುಟದ ಬಣ್ಣ ಹೇಳಿದರೆ ಸುಮ್ನೆ ಊಹೆ ಹೊಡೆಯುತ್ತಿದ್ದೆವು.)

* * *

ಬಣ್ಣದ ಮಾತು ಸರಿ. ಆದರೆ ನನ್ನ ಕೇಸಿನಲ್ಲಿ ಕಣ್ಣು ಕೈಕೊಟ್ಟಿತು, ಕೈಯೇ ಕಾಪಾಡಿತು.

ನಾನು ಎಲ್ಲರ ಹತ್ತಿರವೂ "ಮೀನಿನ ಗೇಮ್" ಅಂತಲೇ ಹೇಳಿಕೊಂಡು ತಿರುಗಿದ್ದೆ. ಮೀನಿನ ಗೇಮ್‌ಗಳು ರಾಶಿ ರಾಶಿ ಸಿಕ್ಕವು, ಯಾವುದೂ ಅದಲ್ಲ. ಒಂದು ದಿನ ಕೀಬೋರ್ಡ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತೆ. ನಗಬೇಡಿ. ಬೆರಳು ಬಾಣದ ಕೀಗಳನ್ನು ಮೆಲ್ಲಗೆ, ತಡೆದು ತಡೆದು ಒತ್ತುತ್ತಿತ್ತು. ಯಾವುದಕ್ಕೋ ತಾಗದ ಹಾಗೆ ನುಸುಳುವ ರೀತಿ. ತಾಗಿದರೆ ಏನೋ ಕಡಿಮೆಯಾಗುತ್ತಿತ್ತು. ಏನು? ಆಮ್ಲಜನಕ! ಹಾಗಾದರೆ ನಾನು ಮೀನಲ್ಲ, ಸಬ್‌ಮರೀನ್. "ಮೀನು" ಬಿಟ್ಟು "ಸಬ್‌ಮರೀನ್, ಗಣಿತ, ಆಮ್ಲಜನಕ" ಅಂತ ಇಂಗ್ಲಿಷಿನಲ್ಲಿ ಹಾಕಿದೆ. ಐದು ನಿಮಿಷದಲ್ಲಿ "ಆಪರೇಷನ್ ನೆಪ್ಚೂನ್" ಬಂತು. 1991ರದ್ದು, ದ ಲರ್ನಿಂಗ್ ಕಂಪನಿಯದ್ದು.

ಹಾಗಾಗಿ ಏನು ಕಾಣುತ್ತಿತ್ತು ಅನ್ನುವುದಕ್ಕಿಂತ ಏನು ಮಾಡುತ್ತಿದ್ದೆ ಅಂತ ಬರೆದುಕೊಳ್ಳಿ. ಯಾವ ಕೀ? ತಪ್ಪು ಉತ್ತರ ಕೊಟ್ಟರೆ ಏನಾಗುತ್ತಿತ್ತು? ಮುಂದಿನ ಹಂತಕ್ಕೆ ಹೋಗುವುದು ಹೇಗೆ? ನಿಮ್ಮ ಹಸಿರು ಪ್ರಾಣಿ ಹೇಗೆ ತಿನ್ನುತ್ತಿತ್ತು, ಅದಾಗೇ ತಿನ್ನುತ್ತಿತ್ತಾ, ನೀವು ಏನಾದರೂ ಒತ್ತಬೇಕಿತ್ತಾ?

* * *

ನಾನು ಹುಡುಕಿದ ಗೇಮ್ ಗೇಮೇ ಆಗಿರಲಿಲ್ಲ.

ಆಮೆಯೊಂದು ಗೆರೆ ಎಳೆಯುತ್ತಾ ಹೋಗುವ ಆಟ ಅಂತ ನೆನಪು. ಆಮೆಯ ಚಿತ್ರ ಇರುವ ಗೇಮ್‌ಗಳನ್ನೆಲ್ಲ ನೋಡಿದೆ. ಆಮೇಲೆ ಹಳೇ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ "ಫಾರ್ವರ್ಡ್ 50, ರೈಟ್ 90" ಅಂತ ಸಿಕ್ಕಿತು. ಅದು ಲೋಗೊ. 1967ರಲ್ಲಿ ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ವಾಲಿ ಫರ್ಝೈಗ್ ಮಕ್ಕಳಿಗಾಗಿ ಮಾಡಿದ ಪ್ರೋಗ್ರಾಮಿಂಗ್ ಭಾಷೆ. ಮತ್ತೆ ನೋಡಿದಾಗ ನಾನು ಬಳಸಿದ ಲೋಗೊದಲ್ಲಿ ಆಮೆ ಬರೀ ಒಂದು ತ್ರಿಕೋನ! ಚಿಪ್ಪು, ಕಾಲು ಎಲ್ಲ ನನ್ನ ತಲೆಯೇ ಸೇರಿಸಿದ್ದು. ಹಳೇ ನೋಟ್‌ಬುಕ್ ಎಸೆಯಬೇಡಿ.

* * *

ಇಷ್ಟೆಲ್ಲ ಯಾಕೆ? ಎಐ ಹತ್ತಿರ ಕೇಳಿದರೆ ಆಯಿತಲ್ಲ.

* * *

ಕೇಳಿದ್ದೆ ಸರ್. ಮೂರು ಹೆಸರು ಕೊಟ್ಟಿತು, ಭಾರೀ ಧೈರ್ಯವಾಗಿ. ಒಂದು ಹೆಸರಿನ ಗೇಮ್ ಎಲ್ಲೂ ಸಿಗಲಿಲ್ಲ. ಇನ್ನೊಂದರಲ್ಲಿ ಗಣಿತವೇ ಇರಲಿಲ್ಲ. ಮೂರನೆಯದು ಹತ್ತಿರ ಇತ್ತು, ಅದೇ ತೊಂದರೆ ಆಗಿದ್ದು. ಸ್ಕ್ರೀನ್‌ಶಾಟ್ ನೋಡಿದ ಕೂಡಲೇ "ಹೌದೌದು, ಇದೇ" ಅನ್ನಿಸಿತು. ಎರಡು ದಿನ ಬಿಟ್ಟು ನೋಡಿದರೆ ನನ್ನ ಹಳೇ ನೆನಪು ಯಾವುದು, ಆ ಚಿತ್ರ ಯಾವುದು ಅಂತಲೇ ಬೇರ್ಪಡಿಸಲು ಆಗಲಿಲ್ಲ. ಎಐ ಕೇಳಬೇಡಿ ಅನ್ನುತ್ತಿಲ್ಲ. ಕೇಳುವ ಮೊದಲು, ಒಂದೇ ಒಂದು ಚಿತ್ರ ನೋಡುವ ಮೊದಲು, ನೆನಪಿರುವುದನ್ನೆಲ್ಲ ಹಾಳೆಯಲ್ಲಿ ಬರೆದಿಡಿ. ಖಚಿತ ಇಲ್ಲದ್ದರ ಪಕ್ಕ ಪ್ರಶ್ನೆಚಿಹ್ನೆ ಹಾಕಿ. ಆಮೇಲೆ ಮೊಬಿಗೇಮ್ಸ್‌ನಲ್ಲಿ ವರ್ಷ, ಮಷೀನು, "ಶೈಕ್ಷಣಿಕ" ಅಂತ ಸೋಸಿ ನೋಡಿ. 1999ರಿಂದ ಗೇಮ್‌ಗಳ ವಿವರ, ಚಿತ್ರ ಸೇರಿಸುತ್ತಾ ಬಂದಿರುವ ತಾಣ ಅದು.

ರೆಡ್ಡಿಟ್‌ನಲ್ಲಿ "ಟಿಪ್ ಆಫ್ ಮೈ ಜಾಯ್‌ಸ್ಟಿಕ್" ಅಂತ ಗುಂಪಿದೆ, ಇದೇ ಕೆಲಸಕ್ಕೆ. ಅಲ್ಲಿ ಕೇಳಲು ಒಂದು ಕ್ರಮ ಇದೆ: ಯಾವ ಮಷೀನು, ಸುಮಾರು ಯಾವ ವರ್ಷ, ಚಿತ್ರ ಹೇಗಿತ್ತು, ಪಾತ್ರ ಯಾರು, ಆಟ ಹೇಗೆ. ಅದನ್ನು ತುಂಬುವಾಗಲೇ ನನಗೆ ಅರ್ಧ ನೆನಪಾಯಿತು. ಕೇಳುವ ಅಗತ್ಯವೇ ಬೀಳಲಿಲ್ಲ.

* * *

ಮೇಡಂಗೆ ಇದು ಬೇಕಾಗಲ್ಲ, ಆದರೂ 2000ದ ನಂತರ ಬ್ರೌಸರ್‌ನಲ್ಲಿ ಆಡಿದವರಿಗಾಗಿ ಹೇಳುತ್ತೇನೆ. ಅವು ಜಾಸ್ತಿ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ ಮೇಲೆ ಓಡುತ್ತಿದ್ದ ಗೇಮ್‌ಗಳು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು. ಸೈಟ್ ಇದ್ದರೂ ಎಷ್ಟೋ ಕಡೆ ಗೇಮ್ ಓಡುವುದಿಲ್ಲ. "ಫ್ಲ್ಯಾಶ್‌ಪಾಯಿಂಟ್" ಅನ್ನುವ ಸಂಗ್ರಹದಲ್ಲಿ ಹುಡುಕಿ. ನನ್ನ ಟೈಪಿಂಗ್ ಗೇಮ್ ಅಲ್ಲೇ ಸಿಕ್ಕಿತು.

* * *

ಪ್ರಶ್ನೆ ಕೇಳಿದವಳು ನಾನೇ. ಕೀಬೋರ್ಡ್ ಮೇಲೆ ಕೈಯಿಟ್ಟು ಕೂತೆ, ಮನೆಯವರು ನಕ್ಕರು. ಹಸಿರು ಪ್ರಾಣಿ ಚೌಕಗಳ ಮೇಲೆ ಓಡಾಡುತ್ತಿತ್ತು, ತಿನ್ನಲು ಸ್ಪೇಸ್ ಬಾರ್ ಒತ್ತಬೇಕಿತ್ತು. ಇದು ಖಂಡಿತ. ಆದರೆ ಬೆಟ್ಟದಲ್ಲಿ ತಿನ್ನುವುದು ಇರಲೇ ಇಲ್ಲ! ಅಲ್ಲಿ ನಾನು ಪ್ರಾಣಿಯಲ್ಲ, ಮನುಷ್ಯ. ಈಗ ಇನ್ನೂ ಗೊಂದಲ.

* * *

ಗೊಂದಲ ಅಲ್ಲ, ಉತ್ತರ ಸಿಕ್ಕಿತು. ಅದು ಎರಡು ಗೇಮ್.

ಚೌಕದಲ್ಲಿ ಅಂಕಿ ತಿನ್ನುವ ಹಸಿರು ಪ್ರಾಣಿ "ನಂಬರ್ ಮಂಚರ್ಸ್". ಮೊದಲು ಬಂದಿದ್ದು 1986ರಲ್ಲಿ, ಆಪಲ್ 2 ಕಂಪ್ಯೂಟರಿಗೆ. ಮಾಡಿದ್ದು ಎಂಇಸಿಸಿ ಅನ್ನುವ ಅಮೆರಿಕದ ಸಂಸ್ಥೆ, "ಆರೆಗಾನ್ ಟ್ರೇಲ್" ಗೇಮನ್ನು ಶಾಲೆಗಳಿಗೆ ಮುಟ್ಟಿಸಿದವರೇ. ಹಿಂದೆ ಬೀಳುವ ರಾಕ್ಷಸರ ಹೆಸರು ಟ್ರಾಗಲ್. ಬಲೆ, ಕುಳ್ಳರು, ಕೋಟೆ ಅಂದರೆ "ಟ್ರೆಶರ್ ಮೌಂಟನ್" (1990), ಇಲ್ಲವೇ ಅದರ ತಂಗಿ "ಟ್ರೆಶರ್ ಮ್ಯಾತ್‌ಸ್ಟಾರ್ಮ್" (1992). ಬೆಟ್ಟದ ಮೇಲೆ ಹಿಮ ಇತ್ತಾ? ಇದ್ದರೆ ಎರಡನೆಯದು. ಒಂದೇ ಕಂಪ್ಯೂಟರಿನಲ್ಲಿ, ಒಂದೇ ಪೀರಿಯಡ್‌ನಲ್ಲಿ ಎರಡನ್ನೂ ಆಡಿರುತ್ತೀರಿ, ತಲೆ ಹೊಲಿದು ಒಂದು ಮಾಡಿದೆ. ಎರಡು ವರ್ಷ ಸಿಗದಿದ್ದಕ್ಕೆ ಕಾರಣವೂ ಅದೇ. ಎರಡೂ ಸೇರಿರುವ ಗೇಮ್ ಇದ್ದರೆ ತಾನೇ ಸಿಗುವುದು?

ನೋಡಿ ಖಚಿತ ಮಾಡಿಕೊಳ್ಳಲು ಇಂಟರ್ನೆಟ್ ಆರ್ಕೈವ್‌ಗೆ ಹೋಗಿ. 2015ರಿಂದ ಸಾವಿರಾರು ಡಾಸ್ (ವಿಂಡೋಸ್‌ಗಿಂತ ಮುಂಚಿನ ಕಂಪ್ಯೂಟರ್ ವ್ಯವಸ್ಥೆ) ಗೇಮ್‌ಗಳನ್ನು ಬ್ರೌಸರ್‌ನಲ್ಲೇ ಆಡಲು ಇಟ್ಟಿದ್ದಾರೆ. ಹಳೇ ಫ್ಲಾಪಿ ನಿಮ್ಮ ಬಳಿಯೇ ಇದ್ದರೆ ಈಗಿನ ಕಂಪ್ಯೂಟರಿನಲ್ಲಿ ಡಾಸ್ ಗೇಮ್ ಓಡಿಸುವ ಡಾಸ್‌ಬಾಕ್ಸ್ ಹಾಕಿಕೊಳ್ಳಿ, ಈಗಿನ ವಿಂಡೋಸ್‌ನಲ್ಲಿ ನೇರವಾಗಿ ಓಡಿಸಲು ಹೋಗಬೇಡಿ. 64 ಬಿಟ್ ವಿಂಡೋಸ್ ಹಳೇ 16 ಬಿಟ್ ಪ್ರೋಗ್ರಾಂ ಓಡಿಸುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ತಿಳಿದು ನಾನು ಒಳ್ಳೇ ಡಿಸ್ಕ್ ಎಸೆದವನು.

* * *

ಹಿಮ ಇತ್ತು!!! ಮ್ಯಾತ್‌ಸ್ಟಾರ್ಮೇ. ಚಿತ್ರ ನೋಡಿದ ತಕ್ಷಣ ಗೊತ್ತಾಯಿತು. (ಮೊದಲೇ ಬರೆದಿಟ್ಟಿದ್ದೆ, ಹೆದರಬೇಡಿ.) ನಂಬರ್ ಮಂಚರ್ಸ್ ಕೂಡ ರಾತ್ರಿ ಕೂತು ಆಡಿದೆ. 51 ಅವಿಭಾಜ್ಯ ಸಂಖ್ಯೆ ಅಂದುಕೊಂಡು ತಿಂದೆ, ಒಂದು ಜೀವ ಹೋಯಿತು. ಪಕ್ಕದಲ್ಲಿ ಕೂತಿದ್ದ ಮಗಳು "ಮೂರು ಹದಿನೇಳಲಿ ಐವತ್ತೊಂದು ಅಮ್ಮಾ" ಅಂದಳು. ಈಗ ಕೀಬೋರ್ಡ್ ಅವಳ ಕೈಯಲ್ಲಿದೆ, ನನಗೆ ಸಿಗುತ್ತಿಲ್ಲ.