ಡೆಸ್ಕ್‌ಟಾಪ್ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ದಿನನಿತ್ಯದ ಕೆಲಸ ನಿಜಕ್ಕೂ ಹೇಗಿರುತ್ತದೆ?

ಪ್ರಶ್ನೆ (ಹುಬ್ಬಳ್ಳಿ, ಎಂಜಿನಿಯರಿಂಗ್ ಕೊನೆಯ ವರ್ಷ)

ನಾನು ಕೆಲವು ವರ್ಷಗಳಿಂದ ಲಿನಕ್ಸ್‌ನಲ್ಲಿ ಕೆಡಿಇ ಯೋಜನೆಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾ ಬಳಸುತ್ತಿದ್ದೇನೆ. ಸಿ ಪ್ಲಸ್ ಪ್ಲಸ್ ತಕ್ಕಮಟ್ಟಿಗೆ ಬರುತ್ತದೆ, ಕೆಡಿಇಗೆ ತಳಪಾಯವಾದ ಕ್ಯೂಟಿ ಲೈಬ್ರರಿಯ ಪ್ರಾಥಮಿಕ ಪಾಠಗಳು ಮುಗಿದಿವೆ. ಕಾಲೇಜಿನಲ್ಲಿ ಮುಕ್ತ ತಂತ್ರಾಂಶದ ಕುರಿತು ಉಪನ್ಯಾಸಗಳೇನೋ ನಡೆಯುತ್ತವೆ, ಆದರೆ ಅವುಗಳಲ್ಲಿ ತತ್ತ್ವದ ಮಾತೇ ಹೆಚ್ಚು. ಕೆಡಿಇ, ಗ್ನೋಮ್, ಲಿಬ್ರೆಆಫೀಸ್‌ನಂತಹ ಯೋಜನೆಗಳಲ್ಲಿ ದುಡಿಯುವವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ, ಅವರಿಗೆ ಕೆಲಸ ಹಚ್ಚುವವರು ಯಾರು, ಸಂಬಳ ಎಲ್ಲಿಂದ ಬರುತ್ತದೆ ಎಂಬುದನ್ನು ಒಳಗಿದ್ದವರೇ ಹೇಳಿದರೆ ಉಪಕಾರವಾಗುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ ಮಾತ್ರ ಇದೆ. ಅದು ಅಡ್ಡಿಯಾಗುವುದೇ ಎಂಬುದನ್ನೂ ತಿಳಿಸಿ.

ಉತ್ತರ 1 (ಬೆಂಗಳೂರು, ಸಂಬಳದ ಮೇಲೆ ದುಡಿಯುವವರು)

ದಿನವಿಡೀ ಹೊಸ ಕೋಡ್ ಬರೆಯುವ ಕೆಲಸ ಇದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಮಯದ ದೊಡ್ಡ ಪಾಲು ಹೋಗುವುದು ಓದುವುದಕ್ಕೆ: ಬಗ್ ವರದಿಗಳು, ಬೇರೆಯವರು ಕಳಿಸಿದ ಮರ್ಜ್ ರಿಕ್ವೆಸ್ಟ್‌ಗಳು (ತಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು), ಯಾವ ಕಾಲದಲ್ಲೋ ಯಾರೋ ಬರೆದು ಬಿಟ್ಟುಹೋದ ಕೋಡ್. ಓದಿದ್ದಕ್ಕೆ ಉತ್ತರ ಬರೆಯುವುದು ಅದರ ನಂತರದ ಪಾಲು. ಬೆಳಗಿನ ಹೊತ್ತು ಯುರೋಪಿನವರು ಇನ್ನೂ ಮಲಗಿರುತ್ತಾರಾದ್ದರಿಂದ ತಲೆ ತಿನ್ನುವ ಓದೆಲ್ಲ ಆಗಲೇ ಮುಗಿಯಬೇಕು. ಬೇಸಿಗೆಯಲ್ಲಿ ಬರ್ಲಿನ್‌ನ ಒಂಬತ್ತು ಗಂಟೆ ಎಂದರೆ ನಮಗೆ ಹನ್ನೆರಡೂವರೆ, ಅಲ್ಲಿಂದ ಮುಂದೆ ನಾವು ಹರಟುವ ಮ್ಯಾಟ್ರಿಕ್ಸ್ ಚಾಟ್ ಕೋಣೆಗಳು ಎಚ್ಚರಗೊಳ್ಳುತ್ತವೆ.

ಒಂದು ಸಣ್ಣ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಹೇಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ‘ಕಡತಗಳ ಪಟ್ಟಿಯಲ್ಲಿ ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂಬ ಒಂದೇ ಸಾಲಿನ ವರದಿ ಬಂದಿದೆ ಎಂದಿಟ್ಟುಕೊಳ್ಳಿ. ಯಾವ ಆವೃತ್ತಿ, ಯಾವ ಅಕ್ಷರಶೈಲಿ, ಪರದೆಗೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆ ವೇಲ್ಯಾಂಡೋ ಎಕ್ಸ್11 ಓ, ಪರದೆಯ ಅಳತೆ ಶೇ 100 ಇದೆಯೋ 125 ಇದೆಯೋ ಎಂದು ಕೇಳಬೇಕು. ಉತ್ತರ ಬಂದರೆ ನಮ್ಮ ಯಂತ್ರದಲ್ಲೂ ಅದೇ ದೋಷವನ್ನು ಹುಟ್ಟಿಸಿ ನೋಡಬೇಕು. ‘ಸ್ವಾತಂತ್ರ್ಯ’ ಎಂಬ ಹೆಸರಿನ ಕಡತ ಇದಕ್ಕೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅದರ ಕೊನೆಯ ಅಕ್ಷರಕ್ಕೆ ಎರಡು ಒತ್ತುಗಳಿದ್ದು ಅವು ಇಳಿಯುವಷ್ಟು ಕೆಳಕ್ಕೆ ಇಂಗ್ಲಿಷಿನ ಯಾವ ಅಕ್ಷರವೂ ಇಳಿಯುವುದಿಲ್ಲ. ಸಾಲಿನ ಎತ್ತರವನ್ನು ಮುಖ್ಯ ಅಕ್ಷರಶೈಲಿಯ ಅಳತೆಯಿಂದ ಲೆಕ್ಕ ಹಾಕಿದ್ದಾರೆ. ಕನ್ನಡವೋ ಬೇರೊಂದು ಬದಲಿ ಅಕ್ಷರಶೈಲಿಯಿಂದ ಬರುತ್ತಿದೆ. ಆದ್ದರಿಂದ ಒತ್ತಿನ ಬುಡ ಕತ್ತರಿಸಿಹೋಗಿದೆ. ತಿದ್ದುಪಡಿ ಎರಡು ಮೂರು ಸಾಲಿನದು. ಆದರೆ ವಿಮರ್ಶೆಗೆ ಕುಳಿತವರು ಕೇಳುವ ಪ್ರಶ್ನೆಗಳು ಬೇರೆಯೇ: ಪ್ರತಿ ಹೆಸರಿನ ಎತ್ತರವನ್ನೂ ಅಳೆಯುತ್ತ ಕುಳಿತರೆ ಹತ್ತು ಸಾವಿರ ಕಡತಗಳಿರುವ ಫೋಲ್ಡರ್ ತೆರೆಯಲು ಎಷ್ಟು ಹೊತ್ತಾಗುತ್ತದೆ? ಒಂದು ಸಾಲು ಎತ್ತರ, ಒಂದು ಸಾಲು ಗಿಡ್ಡ ಆದರೆ ಪಟ್ಟಿ ಅಸಹ್ಯವಾಗುವುದಿಲ್ಲವೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಹಿಂದಿನ ಮತ್ತು ಈಗಿನ ಚಿತ್ರಗಳನ್ನು ಲಗತ್ತಿಸಿ, ಚರ್ಚಿಸಿ, ಸ್ವಯಂಚಾಲಿತ ಪರೀಕ್ಷೆಗಳು ಹಸಿರಾದ ಮೇಲೆ ಅದು ಒಳಗೆ ಸೇರುತ್ತದೆ. ಕೆಡಿಇಯಲ್ಲಾದರೆ ಕಮಿಟ್ (ದಾಖಲಾದ ಬದಲಾವಣೆ) ಸಂದೇಶದಲ್ಲಿ ಬಗ್ ಸಂಖ್ಯೆಯನ್ನು ಗೊತ್ತಾದ ರೀತಿಯಲ್ಲಿ ಬರೆದರೆ ವರದಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದನ್ನು ಈಗಾಗಲೇ ಬಿಡುಗಡೆಯಾದ ಆವೃತ್ತಿಯ ಸ್ಥಿರ ಶಾಖೆಗೂ ದಾಟಿಸಬೇಕೋ ಬೇಡವೋ ಎಂಬ ತೀರ್ಮಾನ ಉಳಿದಿರುತ್ತದೆ.

ಆದ್ದರಿಂದ ನಿಮ್ಮ ಸಿ ಪ್ಲಸ್ ಪ್ಲಸ್‌ಗಿಂತ ಮೊದಲು ಪರೀಕ್ಷೆಗೊಳಗಾಗುವುದು ಬೇರೆಯವರ ಕೋಡನ್ನು ಓದುವ ತಾಳ್ಮೆ.

ಉತ್ತರ 2 (ಮೈಸೂರು, ಸ್ವಯಂಸೇವಕರು)

ಮೇಲಿನ ಮಾತು ಬಹುಮಟ್ಟಿಗೆ ಸರಿ, ಆದರೆ ಅದು ಸಂಬಳ ಪಡೆಯುವವರ ದಿನಚರಿ. ನನ್ನಂತೆ ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ಊಟದ ನಂತರ ಕೂರುವವರಿಗೆ ಕೆಲಸ ಹಚ್ಚುವವರು ಯಾರೂ ಇಲ್ಲ. ನನಗೆ ಬೇಕೆನಿಸಿದ ಬಗ್ ನಾನೇ ಆರಿಸಿಕೊಳ್ಳುತ್ತೇನೆ, ಬೇಸರವಾದರೆ ಒಂದು ವಾರ ಆ ಕಡೆ ತಲೆಯನ್ನೇ ಹಾಕುವುದಿಲ್ಲ. 1996ರ ಅಕ್ಟೋಬರ್‌ನಲ್ಲಿ ಟ್ಯೂಬಿಂಗನ್‌ನ ವಿದ್ಯಾರ್ಥಿಯಾಗಿದ್ದ ಮಥಿಯಾಸ್ ಎಟ್ರಿಚ್ ಕೆಡಿಇಗೆ ಜನರನ್ನು ಕರೆದಾಗಲೂ ಸೇರಿದವರು ಹೀಗೆ ಇಷ್ಟಪಟ್ಟು ಬಂದವರೇ.

ಈ ಸ್ವಾತಂತ್ರ್ಯಕ್ಕೆ ಎರಡು ಕಡೆಯಿಂದ ಕತ್ತರಿ ಬೀಳುತ್ತದೆ. ಒಂದು, ಕೆಳಗಿನ ಪದರ ಬದಲಾದಾಗ. ಕ್ಯೂಟಿ 5ರಿಂದ 6ಕ್ಕೆ ಹೋಗಲೇಬೇಕಾಗಿ ಬಂದು, 2024ರ ಫೆಬ್ರವರಿ 28ರಂದು ಪ್ಲಾಸ್ಮಾ 6 ಹೊರಬರುವ ಮುನ್ನ, ಹಲವರ ಬಿಡುವಿನ ಸಮಯ ಹೊಸದೇನನ್ನೂ ಮಾಡದೆ ಇದ್ದದ್ದನ್ನೇ ಹೊಸ ತಳಪಾಯಕ್ಕೆ ಸ್ಥಳಾಂತರಿಸುವುದರಲ್ಲಿ ಕಳೆಯಿತು. ಚಿತ್ರ ತಿದ್ದುವ ಗಿಂಪ್‌ನಲ್ಲಿ 2.10 ಬಂದದ್ದು 2018ರಲ್ಲಿ, ಅದರ ತಳಪಾಯದ ಲೈಬ್ರರಿಯಾದ ಜಿಟಿಕೆಯ 3ನೇ ಆವೃತ್ತಿಗೆ ದಾಟಿ 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಬಳಕೆದಾರರ ಕಣ್ಣಿಗೆ ಬೀಳದ ದುಡಿಮೆ ಎಷ್ಟು ಉದ್ದ ಎಳೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎರಡನೆಯದು, ಒಂದು ತಂತ್ರಾಂಶದ ಹೊಣೆ ಹೊರುವ ನಿರ್ವಾಹಕನಾಗಿ ಹೆಸರು ನೋಂದಾಯಿಸಿಕೊಂಡಾಗ. ಆಗ ನಿಮ್ಮ ಬಿಡುವು ನಿಮ್ಮದಾಗಿ ಉಳಿಯುವುದಿಲ್ಲ. ‘ಇಷ್ಟು ಸಣ್ಣ ವಿಷಯ ಸರಿಮಾಡಲು ನಿಮಗೇನು ಕಷ್ಟ’ ಎಂದು ಕೇಳುವವರಿಗೆ ದಿನಾಲೂ ಸಮಾಧಾನ ಹೇಳಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬಯಲಾದ, ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಜೆಡ್‌ನ ಪ್ರಕರಣ ಡೆಸ್ಕ್‌ಟಾಪ್‌ಗೆ ಸಂಬಂಧಿಸಿದ್ದಲ್ಲವಾದರೂ, ಒಂಟಿಯಾಗಿ ದಣಿದ ನಿರ್ವಾಹಕರ ಮೇಲೆ ಒತ್ತಡ ಹೇರಿ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಸೇರಿಸಲಾಯಿತು ಎಂಬುದನ್ನು ನಮ್ಮ ವಲಯದಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಹೊಸಬರಿಗೆ ನಾನು ಹೇಳುವುದಿಷ್ಟೇ: ಮೊದಲ ವರ್ಷವೇ ಯಾವುದರ ನಿರ್ವಹಣೆಯನ್ನೂ ತಲೆಯ ಮೇಲೆ ಹಾಕಿಕೊಳ್ಳಬೇಡಿ.

ಉತ್ತರ 3 (ಶಿವಮೊಗ್ಗ, ಲಿಬ್ರೆಆಫೀಸ್ ಪರೀಕ್ಷಕಿ ಮತ್ತು ಅನುವಾದಕಿ)

ಕೋಡ್ ಬರೆಯದವರ ದಿನವೂ ಇದರಲ್ಲಿ ಇದೆ, ಅದನ್ನು ಯಾರೂ ಹೇಳಲಿಲ್ಲ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟಿರುವ ದೋಷಗಳಿಗೆ ಮೂಲ ಹುಡುಕುವುದು ನನ್ನ ಕೆಲಸ. ಲಿಬ್ರೆಆಫೀಸ್ ಅನ್ನು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಲು (ಕೋಡ್‌ನಿಂದ ಓಡುವ ತಂತ್ರಾಂಶ ಕಟ್ಟಲು) ಗಂಟೆಗಟ್ಟಲೆ ಬೇಕು. ಹೀಗಿರುವಾಗ ಒಂದೊಂದು ಬದಲಾವಣೆಗೂ ಕಂಪೈಲ್ ಮಾಡಿ ನೋಡುವುದು ಆಗದ ಮಾತು. ಅದಕ್ಕಾಗಿ ಯೋಜನೆಯವರು ಮೊದಲೇ ಕಟ್ಟಿಟ್ಟ ಪ್ರತಿಗಳನ್ನು ಗಿಟ್ ಭಂಡಾರದಲ್ಲಿ ಸಾಲಾಗಿ ಇಟ್ಟಿದ್ದಾರೆ, ಅದಕ್ಕೆ ಬೈಬೈಸೆಕ್ಟ್ ಎನ್ನುತ್ತಾರೆ. ನಡುವಿನ ಪ್ರತಿಯನ್ನು ತೆರೆದು, ದೋಷ ಇದೆಯೋ ಇಲ್ಲವೋ ಎಂದು ಹೇಳುತ್ತ ಹೋದರೆ ಸಾವಿರ ಬದಲಾವಣೆಗಳ ರಾಶಿಯಲ್ಲಿ ಹತ್ತು ಹೆಜ್ಜೆಗೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಅದರ ಗುರುತನ್ನು ವರದಿಯಲ್ಲಿ ಹಾಕಿದರೆ ಪ್ರೋಗ್ರಾಮರ್‌ನ ಅರ್ಧ ಕೆಲಸ ಉಳಿಯಿತು. ನಿಮ್ಮ 8 ಜಿಬಿ ಯಂತ್ರಕ್ಕೂ ಇದು ಹೇಳಿಮಾಡಿಸಿದ ಕೆಲಸ, ಭಂಡಾರ ಇಳಿಸಿಕೊಳ್ಳಲು ಡಿಸ್ಕ್‌ನಲ್ಲಿ ಜಾಗವಿದ್ದರಾಯಿತು.

ಅನುವಾದಕರ ಪಂಚಾಂಗ ಮಾತ್ರ ಬೇರೆ. ಗ್ನೋಮ್ ಪ್ರತಿ ವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಲಿಬ್ರೆಆಫೀಸ್ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಹೊಸ ಆವೃತ್ತಿ ತರುತ್ತವೆ. ಗ್ನೋಮ್‌ನಲ್ಲಿ ಬಿಡುಗಡೆಗೆ ಕೆಲವು ವಾರ ಮುಂಚೆ ಪಠ್ಯಸ್ತಂಭನ (ಪರದೆಯ ಪದಗಳನ್ನು ಬದಲಿಸದಿರುವ ನಿಯಮ) ಜಾರಿಗೆ ಬರುತ್ತದೆ; ಆಮೇಲೆ ಪರದೆಯ ಮೇಲಿನ ಒಂದು ಪದ ಬದಲಿಸಬೇಕಾದರೂ ಅನುವಾದಕರ ಒಪ್ಪಿಗೆ ಕೇಳಬೇಕು. ದೊಡ್ಡ ದೊಡ್ಡ ಪ್ರೋಗ್ರಾಮರ್‌ಗಳು ಬಂದು ನಮ್ಮ ಅನುಮತಿ ಬೇಡುವ ಆ ದಿನಗಳು ನನಗೆ ಸ್ವಲ್ಪ ಖುಷಿ ಕೊಡುತ್ತವೆ ಎಂದರೆ ತಪ್ಪು ತಿಳಿಯಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಸಂಬಳದ ವಿಷಯ ಉಳಿಯಿತು. ಹಾಗೆಯೇ, ನಾನು ಕೆಡಿಇಯಲ್ಲೇ ಕೋಡ್ ಬರೆಯಬೇಕೆಂದರೆ ಈ ಯಂತ್ರದಲ್ಲಿ ಆಗದೇ?

ಉತ್ತರ 1 (ಮತ್ತೆ)

ಸಂಬಳ ಕೊಡುವವರು ಹೆಚ್ಚಾಗಿ ಕಂಪನಿಗಳು: ರೆಡ್ ಹ್ಯಾಟ್, ಸೂಸೆ, ಕ್ಯಾನೊನಿಕಲ್, ಕೊಲಾಬೊರಾ ಮುಂತಾದವು. ಸರ್ಕಾರದ ಹಣವೂ ಈಚೆಗೆ ಬರುತ್ತಿದೆ. 2023ರಲ್ಲಿ ಜರ್ಮನಿಯ ಸಾವರಿನ್ ಟೆಕ್ ಫಂಡ್ ಗ್ನೋಮ್‌ಗೆ ಹತ್ತು ಲಕ್ಷ ಯೂರೋ ನೀಡಿತು. ಆದರೆ ಕಂಪನಿಯ ಆದ್ಯತೆ ಬದಲಾದರೆ ನಿಮ್ಮ ಕೆಲಸವೂ ಬದಲಾಗುತ್ತದೆ. ಅದೇ 2023ರಲ್ಲಿ ರೆಡ್ ಹ್ಯಾಟ್ ತನ್ನ ಲಿನಕ್ಸ್‌ನ ಮುಂದಿನ ಆವೃತ್ತಿಗಳಿಗಾಗಿ ಲಿಬ್ರೆಆಫೀಸ್ ಪ್ಯಾಕೇಜ್ ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಹೊಸಬರು ಮಾರ್ಗದರ್ಶಕರ ಜೊತೆ ಮುಕ್ತ ತಂತ್ರಾಂಶಕ್ಕೆ ದುಡಿಯುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮ 2005ರಿಂದ ನಡೆದುಕೊಂಡು ಬಂದಿದೆ, ಅದರ ಗೌರವಧನವನ್ನು ಉದ್ಯೋಗವೆಂದು ಎಣಿಸಬೇಡಿ. ಇನ್ನು ಬೆಂಗಳೂರಿನಲ್ಲಿ 2011ರ ಮಾರ್ಚ್‌ನಲ್ಲಿ ಕೆಡಿಇಯ ಭಾರತೀಯ ಸಮ್ಮೇಳನ, ಏಪ್ರಿಲ್‌ನಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ನಡೆದಿದ್ದವು; ಅಂಥ ಸಭೆಗಳು ನಡೆದಾಗ ಹೋಗಿ, ಉದ್ಯೋಗದ ಸುಳಿವು ಜಾಹೀರಾತಿಗಿಂತ ಅಲ್ಲಿ ಬೇಗ ಸಿಗುತ್ತದೆ.

ಯಂತ್ರದ ಮಾತಿಗೆ ಬಂದರೆ, ಇಡೀ ಪ್ಲಾಸ್ಮಾ ಕಟ್ಟಲು ಹೋಗಬೇಡಿ. ಹೊಸ ಲೈಬ್ರರಿಗಳಿರುವ ಲಿನಕ್ಸ್ ಆದ ಫೆಡೋರಾ ಅಥವಾ ಓಪನ್‌ಸೂಸೆ ಟಂಬಲ್‌ವೀಡ್ ಹಾಕಿಕೊಂಡು, ಕ್ಯೂಟಿ ಮತ್ತು ಕೆಡಿಇಯ ಲೈಬ್ರರಿಗಳಾದ ಫ್ರೇಮ್‌ವರ್ಕ್‌ಗಳನ್ನು ಅದರ ಪ್ಯಾಕೇಜ್‌ಗಳಿಂದಲೇ ಪಡೆದು, ಪಠ್ಯ ಸಂಪಾದಕ ಕೇಟ್ ಅಥವಾ ಕಡತ ನಿರ್ವಾಹಕ ಡಾಲ್ಫಿನ್‌ನಂತಹ ಒಂದೇ ಅಪ್ಲಿಕೇಶನ್ ಅನ್ನು ಕಟ್ಟಿ. ಏಕಕಾಲದ ಕಂಪೈಲ್ ಕೆಲಸಗಳನ್ನು ಎರಡಕ್ಕೆ ಮಿತಿಗೊಳಿಸಿದರೆ 8 ಜಿಬಿ ಸಾಕಾಗುತ್ತದೆ. ಮೊದಲ ಮರ್ಜ್ ರಿಕ್ವೆಸ್ಟ್‌ಗೆ ಎರಡು ವಾರವಾದರೂ ಯಾರೂ ಉತ್ತರಿಸದಿದ್ದರೆ ಆ ಅಪ್ಲಿಕೇಶನ್‌ನ ಮ್ಯಾಟ್ರಿಕ್ಸ್ ಕೋಣೆಯಲ್ಲಿ ವಿನಯದಿಂದ ಒಮ್ಮೆ ನೆನಪಿಸಿ. ಬಿಡುಗಡೆಯ ಹಿಂದಿನ ವಾರ ಮಾತ್ರ ಬೇಡ.