ಗಿಲಿ ತ್ರವಾಂಗನ್: ಊರವರ ಮನೆಯಲ್ಲೂ ಇರಬೇಕು, ರಾತ್ರಿ ಪಾರ್ಟಿಗೂ ಹೋಗಬೇಕು. ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಾನು, ನನ್ನಕ್ಕ ಇಬ್ಬರೂ ಇಂಡೋನೇಷ್ಯಾದ ಗಿಲಿ ತ್ರವಾಂಗನ್ ದ್ವೀಪಕ್ಕೆ ಐದು ದಿನ ಹೋಗುತ್ತಿದ್ದೇವೆ. ಬಾಲಿಯ ಪಡಂಗ್ ಬಾಯ್‌ನಿಂದ ಫಾಸ್ಟ್ ಬೋಟ್ ಹಿಡಿಯುತ್ತೇವೆ. ರೆಸಾರ್ಟ್ ಬೇಡ, ಊರವರ ಮನೆಯ ಹೋಮ್‌ಸ್ಟೇಯೇ ಬೇಕು. ಜೊತೆಗೆ ರಾತ್ರಿ ಬೀಚ್ ಪಾರ್ಟಿಯೂ ಬೇಕು. ಎರಡೂ ಒಟ್ಟಿಗೆ ಆಗುತ್ತಾ?

ಕೇಳೋಕೆ ಕಾರಣ ಇದೆ. ಹೋದ ಸಲ ಬೇರೊಂದು ದ್ವೀಪದಲ್ಲಿ ಒಬ್ಬರ ಮನೆಯಲ್ಲಿದ್ದೆವು. ರಾತ್ರಿ ಎರಡು ಗಂಟೆಗೆ ವಾಪಸ್ ಬಂದರೆ, ಮನೆಯ ಅಮ್ಮ ಜಗಲಿಯಲ್ಲಿ ಲೈಟ್ ಹಾಕಿಕೊಂಡು ಕಾಯುತ್ತಾ ಕೂತಿದ್ದರು. ತೊಡೆ ಮೇಲೆ ಮೊಮ್ಮಗು ಮಲಗಿತ್ತು. ಒಂದು ಮಾತೂ ಬೈಯಲಿಲ್ಲ. ಸುಮ್ನೆ ಎದ್ದು ಬಾಗಿಲು ತೆಗೆದರು. ಅದು ಇವತ್ತಿಗೂ ಮನಸ್ಸು ಕೊರೆಯುತ್ತದೆ. ಈ ಸಲ ಯಾರಿಗೂ ಹಾಗೆ ತೊಂದರೆ ಕೊಡಬಾರದು.

ಪಾರ್ಟಿ ಎಲ್ಲ ಜಾಸ್ತಿ ಪೂರ್ವದ ದಡದಲ್ಲೇ ಅಲ್ವಾ? ಹಾಗಾದರೆ ದ್ವೀಪದ ಒಳಗಿನ ಹಳ್ಳಿಯಲ್ಲಿ, ಬೇರೆ ಬಾಗಿಲಿರುವ ರೂಮ್ ಸಿಗುತ್ತಾ? ಅಲ್ಲಿ ಪೆಟ್ರೋಲ್ ಕಾರು, ಬೈಕ್ ಇಲ್ಲ. ಹೆಚ್ಚಾಗಿ ಸೈಕಲ್ ಇಲ್ಲವೇ ಚಿಡೋಮೋ ಎನ್ನುವ ಕುದುರೆಗಾಡಿ. ತಡರಾತ್ರಿ ಇಬ್ಬರು ಹೆಂಗಸರು ಮರಳ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಬರಬಹುದಾ?

ಊರವರು ಹೆಚ್ಚಿನವರು ಮುಸ್ಲಿಮರು. ಹಳ್ಳಿಯೊಳಗೆ ಮೈ ಮುಚ್ಚುವ ಬಟ್ಟೆ ಹಾಕುತ್ತೇವೆ, ಕುಡಿದ ಬಾಟಲಿ ಮನೆಗೆ ತರುವುದಿಲ್ಲ. ಇನ್ನೇನು ಗಮನಿಸಬೇಕು? ಮನೆಯವರ ಜೊತೆ ಉಳಿದು ಬಂದವರು ದಯವಿಟ್ಟು ಹೇಳಿ. ಇಲ್ಲ, ಹತ್ತಿರದ ಇನ್ನೊಂದು ದ್ವೀಪ ಗಿಲಿ ಆಯರ್‌ನಲ್ಲಿ ಉಳಿದು ಒಂದು ರಾತ್ರಿ ಮಾತ್ರ ತ್ರವಾಂಗನ್‌ಗೆ ಹೋಗುವುದೇ ಒಳ್ಳೆಯದಾ?